ಹಿಂದಿನ ಕಾಲಿನ ಚಕ್ಕೆಗಳು

ಆ ಮನೆಯಲ್ಲಿ ಒಂದು ಇಡೀ ಊರು ವರ್ಷದ ಬಹುಪಾಲು ಮಂಚದ ಕೆಳಗೆ ಮಲಗಿರುತ್ತಿತ್ತು. ಆಟಿಕೆ ರೈಲಿನ ಎಂಜಿನ್ನುಗಳೂ ಬೋಗಿಗಳೂ ಹಳೆಯ ಹತ್ತಿಬಟ್ಟೆ ಸುತ್ತಿಕೊಂಡು ಚಪ್ಪಲಿ ಡಬ್ಬಗಳಲ್ಲಿ, ಹಿಂದಿನ ಕೋಣೆಯ ಮಂಚದಡಿ. ಹಳಿಗಳ ಕಟ್ಟು ಬೀರುವಿನ ಬೆನ್ನಿಗೆ. ಸುರಂಗ ಕೊರೆದ ಬೆಟ್ಟ ಬೀರುವಿನ ತಲೆಯ ಮೇಲೆ. ನಿಲ್ದಾಣ ಅಡುಗೆಮನೆಯ ಮೇಲುಗೂಡಿನಲ್ಲಿ, ಯಾವತ್ತಾದರೂ ಬೇಕಾದೀತೆಂದು ಇಟ್ಟ ಖಾಲಿ ಸೀಸೆಗಳ ನೆರೆಯಲ್ಲಿ. ಮರಗಳು ಒಂದು ಬಿಸ್ಕತ್ತಿನ ಡಬ್ಬದಲ್ಲಿದ್ದವು. ನಮ್ಮ ಮನೆಯಲ್ಲಿ ಬೆಟ್ಟವಿದೆ, ಕಾಡಿದೆ, ಒಗೆದ ಬಟ್ಟೆ ಇಡುವುದಕ್ಕೆ ಮಾತ್ರ ಜಾಗವಿಲ್ಲ ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಮೊದಮೊದಲು ಅದು ದೂರಾಗಿತ್ತು. ಹೇಳಿ ಹೇಳಿ ನಯವಾಗಿ, ಈಗ ಮನೆಯ ಪರಿಚಯದ ಮಾತಾಗಿತ್ತು.

ಆ ಊರಿನ ಒಡೆಯನನ್ನು ಎಲ್ಲರೂ ಕಂಪೋಸಿಟರ್ ಎಂದೇ ಕರೆಯುತ್ತಿದ್ದರು. ಅವನು ಅಚ್ಚುಮೊಳೆ ಜೋಡಿಸುತ್ತಿದ್ದ ಮುದ್ರಣಾಲಯ ಮುಚ್ಚಿ, ಆ ಕಟ್ಟಡದಲ್ಲಿ ಕನ್ನಡಕದ ಅಂಗಡಿ ಬಂದು, ಅದೂ ಮುಚ್ಚಿತ್ತು. ಹೆಸರು ಮಾತ್ರ ಅಂಟಿಕೊಂಡೇ ಇತ್ತು. ಹಾಗೆ ಕರೆಯದೆ ಇದ್ದವರು ಅತ್ತಿಗೆ ಒಬ್ಬರೇ. ಅವರಿಗೆ ಅವನು ಪುಟ್ಟ. ತಾಯಿಯಿಲ್ಲದ ಮೈದುನನನ್ನು ಸಾಕಿ, ಓದಿಸಿ, ಓದು ತಲೆಗೆ ಹತ್ತದಿದ್ದಾಗ ಮುದ್ರಣಾಲಯಕ್ಕೆ ಸೇರಿಸಿ, ಹೆಣ್ಣು ನೋಡಿ ಮದುವೆ ಮಾಡಿದವರು ಅವರು. ಪುಟ್ಟನ ತಲೆ ಬೆಳ್ಳಗಾಗಿತ್ತು. ಅಣ್ಣ ತೀರಿಕೊಂಡ ಮೇಲೆ ಮನೆ ಅತ್ತಿಗೆಯ ಹೆಸರಿಗೆ ಬಂದಿತ್ತು. ಮನೆಯ ವಿಷಯದಲ್ಲಿ ಕೊನೆಯ ಮಾತು ಮಾತ್ರ ಯಾಕೋ ಪುಟ್ಟನಿಗೆ ಬಂದಿತ್ತು.

ಶಾಲೆಗಳಿಗೆ ರಜೆ ಬಂದಾಗ ಆ ಊರು ಮೇಲೆದ್ದು ನಡುಮನೆಗೆ ಬರುತ್ತಿತ್ತು. ಕುರ್ಚಿಗಳು ಜಗುಲಿಗೆ ಹೋಗುತ್ತಿದ್ದವು. ಮುಂಬಾಗಿಲ ಕಡೆಯಿಂದ ಹಿಂದಿನ ಕೋಣೆಯ ಬಾಗಿಲವರೆಗೆ, ಮಡಚುವ ಕಾಲುಗಳ ಮೇಲೆ ಹಲಗೆಗೆ ಹಲಗೆ ಜೋಡಿಸಿ ಬೋಲ್ಟು ಬಿಗಿದರೆ ಉದ್ದನೆಯ ಮೇಜು. ಮೇಜಿನ ಮೇಲೆ ಹಳಿ, ಹಳಿಯ ಪಕ್ಕಕ್ಕೆ ಕಾಡು. ಮನೆಯವರು ಗೋಡೆಗೆ ಬೆನ್ನು ಉಜ್ಜಿಕೊಂಡು ಓಡಾಡುತ್ತಿದ್ದರು. ರಜೆ ಮುಗಿದೊಡನೆ ಎಲ್ಲ ಬಿಚ್ಚಿ, ಒರೆಸಿ, ಸುತ್ತಿ, ಮತ್ತೆ ಮಂಚದಡಿಗೆ. ಕಟ್ಟುವುದಕ್ಕಿಂತ ಬಿಚ್ಚುವುದರಲ್ಲೇ ಅವನ ಕೈ ಹೆಚ್ಚು ಚುರುಕು. ಅಚ್ಚಾದ ಪುಟದ ಮೊಳೆಗಳನ್ನು ಬಿಡಿಸಿ ಗೂಡಿಗೆ ಹಾಕುತ್ತಿದ್ದ ಕೈ ಅದು. ಕೆಲಸ ಮುಗಿದ ಮೇಲೆ ಉಳಿಯಬಾರದು ಎಂಬುದನ್ನು ಆ ಕಸುಬು ಅವನಿಗೆ ಕಲಿಸಿತ್ತು.

ಕಸುಬು ಇನ್ನೊಂದನ್ನೂ ಕಲಿಸಿತ್ತು. ಸಾಲು ಸಡಿಲವಾದರೆ ಯಾಕೆ ಸಡಿಲವಾಯಿತೆಂದು ಕೇಳುತ್ತ ಕೂರಬಾರದು, ಸಂದಿಗೊಂದು ತೆಳ್ಳನೆಯ ಸೀಸದ ಪಟ್ಟಿ ತೂರಿಸಬೇಕು, ಬಿಗಿ ಆಯಿತೇ ಮುಂದಿನ ಸಾಲಿಗೆ ಹೋಗಬೇಕು. ಮೇಜು ಕಟ್ಟುವಾಗಲೂ ಅವನದು ಅದೇ ಕ್ರಮ. ಅವನ ಬಳಿ ಒಂದು ಬೋಗಿ ಇತ್ತು, ಚಕ್ರಗಳು ಎಷ್ಟು ಹಗುರವೆಂದರೆ ಪಕ್ಕದಲ್ಲಿ ಕೆಮ್ಮಿದರೆ ಹೊರಟುಬಿಡುವಂಥದ್ದು. ಅದಕ್ಕೆ ಸಾಕ್ಷಿ ಎಂದು ಹೆಸರಿಟ್ಟಿದ್ದ. ಹಳಿ ಹಾಸಿದ ಮೇಲೆ ಸಾಕ್ಷಿಯನ್ನು ನಡುವೆ ನಿಲ್ಲಿಸಿ ಕೈ ತೆಗೆಯುವುದು. ನಿಂತಲ್ಲೇ ನಿಂತರೆ ಮೇಜು ಮಟ್ಟ. ಅದು ಪ್ರತಿವರ್ಷವೂ ಒಂದಿಷ್ಟು ಹಿಂದಿನ ಕೋಣೆಯ ಕಡೆಗೆ ಜಾರುತ್ತಿತ್ತು. ಹಲಗೆ ಹಳತಾಯಿತು, ಮರ ಬಾಗಿತು, ನಮಗೂ ಬಾಗುವುದಿಲ್ಲವೇ ಎಂದುಕೊಂಡು ಅವನು ಆ ಕಡೆಯ ಕಾಲುಗಳ ಅಡಿಗೆ ಒಂದೊಂದು ಚಕ್ಕೆ ಕೊಡುತ್ತಿದ್ದ. ಸಾಕ್ಷಿ ನಿಲ್ಲುತ್ತಿತ್ತು. ರಜೆ ಮುಗಿದಾಗ ಆಯಾ ಕಾಲಿನ ಚಕ್ಕೆಗಳನ್ನು ಆಯಾ ಕಾಲಿಗೇ ದಾರದಿಂದ ಕಟ್ಟಿಡುತ್ತಿದ್ದ, ಮುಂದಿನ ವರ್ಷ ಹುಡುಕಾಟ ಇರಬಾರದೆಂದು.

ಈಗ ಮನೆಯ ವಿಷಯ. ಅತ್ತಿಗೆಯ ತಮ್ಮನ ಮಗ ಮನೆ ಕಟ್ಟಿಸುವ ಮೇಸ್ತ್ರಿ. ಸೋದರತ್ತೆಯನ್ನು ನೋಡಲು ಬಂದಾಗಲೆಲ್ಲ ಮಾತು ಅತ್ತೆಯ ಜೊತೆ, ಕಣ್ಣು ಗೋಡೆಯ ಮೇಲೆ. ಹಿಂದಿನ ಕೋಣೆಯ ಹೊರಗೋಡೆಯಲ್ಲಿ ಮೂಲೆಯಿಂದ ಕಿಟಕಿಗೆ ಓರೆಯಾಗಿ ಬಿರುಕು ಬಿಟ್ಟಿತ್ತು. ಗೋಡೆಯ ಬುಡದಲ್ಲೆಲ್ಲೋ ಚರಂಡಿ ಒಡೆದು ಮಣ್ಣು ಕೊಚ್ಚಿಹೋಗುತ್ತಿದೆ, ಮನೆ ಹಿಂದಕ್ಕೆ ಕೂರುತ್ತಿದೆ, ಅತ್ತೆಯ ಮಂಚ ಇರುವುದು ಅದೇ ಗೋಡೆಗೆ ಒರಗಿ, ಎಲ್ಲರೂ ಹೊರಡಿ, ತಾನು ಕಟ್ಟಿಸಿದ ಕಟ್ಟಡದಲ್ಲಿ ಎರಡು ಕೋಣೆಯ ಮನೆ ಖಾಲಿ ಇದೆ ಎಂದು ಅವನು ಹೇಳುತ್ತ ಬಂದಿದ್ದ. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿಯನ್ನು ಗಾರೆಯಲ್ಲಿ ಕೂರಿಸಿ, ಇದು ಒಡೆದರೆ ಗೋಡೆ ಅಲ್ಲಾಡಿದೆ ಅಂತ ಅರ್ಥ ಎಂದು ಹೋಗಿದ್ದ. ಗಾಜು ಒಡೆಯಿತು. ಲಾರಿ ಹೋದ ರಭಸಕ್ಕೆ ಒಡೆಯಿತು ಎಂದು ಕಂಪೋಸಿಟರ್ ಹೇಳಿದ. ಲಾರಿ ಹೋಗುವಷ್ಟು ಅಗಲ ಆ ಬೀದಿ ಇರಲಿಲ್ಲ. ಬೀದಿಯ ತುದಿಯಲ್ಲಿ ತಿರುಗಿಸುವಾಗಲೂ ನೆಲ ಅದುರುತ್ತದೆ ಎಂದ. ಮೇಸ್ತ್ರಿ ನೆಲದ ಓರೆ ಅಳೆಯಲು ರಸಮಟ್ಟ ತಂದಿಟ್ಟು ನೋಡಿದ. ಹಳೆಯ ಕಲ್ಲುಹಾಸು, ಒಂದೊಂದು ಕಲ್ಲು ಒಂದೊಂದು ಮಾತು ಹೇಳಿತು.

ಕೊನೆಯ ಜಗಳ ನಡೆದದ್ದು ರಜೆಗೆ ಸ್ವಲ್ಪ ಮುಂಚೆ, ಅತ್ತಿಗೆಯ ಮಂಚದ ಪಕ್ಕದಲ್ಲೇ. ಮೇಸ್ತ್ರಿ ಬಿರುಕಿಗೆ ಬೆರಳು ತೂರಿಸಿ ತೋರಿಸಿದ. ಕಂಪೋಸಿಟರ್ ಅದು ಬರೀ ಗಾರೆ ಎಂದ.

"ಮಾವ, ನಿಮಗೆ ಬೇಕಿರೋದು ಮನೆಯೋ, ರೈಲ್ವೆ ಯಾರ್ಡೋ? ಅಲ್ಲಿ ಮೇಜು ಹಾಕೋಕೆ ಜಾಗ ಇಲ್ಲ ಅಂತ ತಾನೆ ಇಷ್ಟೆಲ್ಲ?"

"ಮನೆ ವಾಲಿದ್ರೆ ಮೊದಲು ಗೊತ್ತಾಗೋದು ನಿನಗಲ್ಲಪ್ಪ, ನನ್ನ ರೈಲಿಗೆ. ಇಷ್ಟು ವರ್ಷದಲ್ಲಿ ನನ್ನ ಬೋಗಿ ಈ ಮನೇಲಿ ನಿಲ್ಲಿಸಿದ ಕಡೆ ನಿಂತಿದೆ. ಅದಕ್ಕಿಂತ ಸಾಕ್ಷಿ ಬೇಕಾ?"

"ಇವರು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು. ಅದು ಯಾರ ಪರವೂ ಅಲ್ಲದ ಮಾತು.

ಅತ್ತಿಗೆ ದಿಂಬಿಗೆ ಒರಗಿ ಇಬ್ಬರನ್ನೂ ಸಂತೆಯ ದನ ನೋಡುವಂತೆ ನೋಡುತ್ತಿದ್ದರು. ಅವರಿಗೆ ಕಾಲಿನ ನೋವಿತ್ತು, ಕಿವಿ ಚೆನ್ನಾಗಿತ್ತು. ಸೋದರಳಿಯನ ಕೈ ಹಿಡಿದು, ನೀನು ಕಟ್ಟುವವನು, ನಿನಗೆ ಎಲ್ಲ ಹಳೆ ಮನೆಯೂ ಬೀಳುವ ಹಾಗೇ ಕಾಣುತ್ತದೆ ಎಂದರು. ಆಮೇಲೆ, "ಪುಟ್ಟ ಹೂಂ ಅಂದ್ರೆ ಹೊರಡ್ತೀನಿ. ಉಹುಂ ಅಂದ್ರೆ ಇಲ್ಲೇ. ಅವನು ತಿಳಿಯದೆ ಒಂದು ಮಾತೂ ಆಡೋನಲ್ಲ," ಎಂದರು.

ಕಂಪೋಸಿಟರ್ ಉಹುಂ ಎಂದ. ಮೇಸ್ತ್ರಿ ಚಪ್ಪಲಿ ಮೆಟ್ಟಿ ಹೊರಟುಹೋದ. ಆ ದಿನ ಊಟಕ್ಕೆ ಕೂತಾಗ ಕಂಪೋಸಿಟರನಿಗೆ ತಾನು ಗೆದ್ದೆ ಎನ್ನಿಸಿತ್ತು. ಕೈ ತೊಳೆಯುವ ಹೊತ್ತಿಗೆ ಅಷ್ಟು ಖಚಿತವಿರಲಿಲ್ಲ. ರೈಲಿನ ಆಸೆಗೆ ಹೇಳಿದೆನೇ ಎಂದು ತನ್ನನ್ನೇ ಕೇಳಿಕೊಂಡ. ಇಲ್ಲ, ಸಾಕ್ಷಿ ನಿಂತಿದ್ದು ನಿಜ. ಕಣ್ಣಾರೆ ಕಂಡದ್ದು.

ಆ ವರ್ಷ ಊರು ನಡುಮನೆಗೆ ಬರಲಿಲ್ಲ. ಅವನ ಹಾಗೆಯೇ ರೈಲಿನ ಹುಚ್ಚಿದ್ದ ಹಲ್ಲಿನ ಡಾಕ್ಟರು, ಸಾರ್ವಜನಿಕ ಗ್ರಂಥಾಲಯದ ಮಹಡಿಯ ಹಾಲಿನಲ್ಲಿ ರಜೆ ಮುಗಿಯುವ ತನಕ ಇಬ್ಬರದೂ ಪ್ರದರ್ಶನ ಇಡೋಣ ಎಂದು ಬಹಳ ದಿನದಿಂದ ಬೆನ್ನು ಹತ್ತಿದ್ದರು. ಕಂಪೋಸಿಟರ್ ತನ್ನ ಮೇಜನ್ನು ಒಮ್ಮೆಯೂ ಹೊಸಿಲು ದಾಟಿಸಿದವನಲ್ಲ. ಈ ಸಲ, ಜಗಳದ ಮೇಲೆ, ಒಪ್ಪಿದ. ರೈಲಿಗೋಸ್ಕರ ಮನೆ ಬಿಡುತ್ತಿಲ್ಲ ಎಂದವರು ನೋಡಲಿ, ರೈಲು ಮನೆಯಲ್ಲೇ ಇಲ್ಲ.

ಡಬ್ಬಗಳನ್ನು ಮಂಚದಡಿಯಿಂದ ಎಳೆಯುವಾಗ ಅತ್ತಿಗೆ ಮೇಲಿನಿಂದ ಕೇಳಿದರು, ಊರು ಬಿಟ್ಟು ಊರಿಗೆ ಹೊರಟಿತೇ ಎಂದು. ಹೂಂ, ಪ್ರವಾಸ ಎಂದ.

ಗ್ರಂಥಾಲಯದ ಹಾಲ್ ಈಚೆಗೆ ಹೊಸ ನೆಲ ಕಂಡಿತ್ತು. ಗ್ರಂಥಪಾಲಕಿ ಆ ನೆಲವನ್ನು ಹೊಸ ಸೊಸೆಯನ್ನು ಕಾಯುವಷ್ಟೇ ಎಚ್ಚರದಿಂದ ನೋಡಿಕೊಳ್ಳುತ್ತಿದ್ದಳು. ಮೇಜಿನ ಕಾಲು ಎಳೆಯಬೇಡಿ, ಎತ್ತಿಡಿ ಎಂದು ಬಾಗಿಲಲ್ಲೇ ನಿಂತಿದ್ದಳು. ಡಾಕ್ಟರು ಕಿಟಕಿಯ ಬದಿ ಹಿಡಿದರು, ಕಂಪೋಸಿಟರ್ ಗೋಡೆಯ ಬದಿ. ಹಲಗೆ, ಬೋಲ್ಟು, ಹಳಿ. ಕೈಗಳಿಗೆ ಕೆಲಸ ಬಾಯಿಪಾಠ. ದಾರದಲ್ಲಿ ಕಟ್ಟಿದ್ದ ಚಕ್ಕೆಗಳನ್ನು ಆಯಾ ಕಾಲುಗಳಿಗೆ ಕೊಟ್ಟಿದ್ದು ಅವನ ಅರಿವಿಗೂ ಬರಲಿಲ್ಲ. ಸಾಕ್ಷಿಯನ್ನು ಬಟ್ಟೆಯಿಂದ ಬಿಚ್ಚಿ, ಹಳಿಯ ನಡುವೆ ನಿಲ್ಲಿಸಿ, ಕೈ ತೆಗೆದ.

ಸಾಕ್ಷಿ ಹೊರಟಿತು. ಮೊದಲು ಯಾರನ್ನೋ ಬೀಳ್ಕೊಡುವವರ ಹಾಗೆ ನಿಧಾನವಾಗಿ, ಆಮೇಲೆ ತಡವಾದವರ ಹಾಗೆ. ಅದು ಹೋಗಿದ್ದು ಮನೆಯಲ್ಲಿ ಮುಂಬಾಗಿಲು ಇರುತ್ತಿದ್ದ ಕಡೆಗೆ. ಹಳಿ ಮುಗಿದಲ್ಲಿ ಅಂಚು ದಾಟಿತು. ಡಾಕ್ಟರು ಕಿತ್ತ ಹಲ್ಲು ಹಿಡಿಯುವ ಅಭ್ಯಾಸದಲ್ಲಿ ಅಂಗೈ ಒಡ್ಡಿ ಹಿಡಿದರು.

ನಿಮ್ಮ ನೆಲ ಓರೆ ಇದೆ ಎಂದ ಕಂಪೋಸಿಟರ್. ಗ್ರಂಥಪಾಲಕಿಯ ಮುಖ ಬಿಗಿಯಿತು. ಈ ನೆಲ ಹಾಸುವಾಗ ತಾನು ಖುದ್ದು ನಿಂತಿದ್ದಾಗಿಯೂ, ಇಲ್ಲಿ ಇಟ್ಟ ಗೋಲಿಯನ್ನು ಗಾಳಿಯೇ ಬಂದು ಉರುಳಿಸಬೇಕೆಂದೂ ಹೇಳಿದಳು. ಡಾಕ್ಟರು ತಮ್ಮ ಪೆಟ್ಟಿಗೆಯಿಂದ ರಸಮಟ್ಟ ತೆಗೆದು ನೆಲಕ್ಕಿಟ್ಟರು. ಗುಳ್ಳೆ ನಟ್ಟನಡುವೆ ಕೂತಿತು. ಅಡ್ಡ ಇಟ್ಟರು, ಆಗಲೂ ನಡುವೆ. ಹಾಗಾದರೆ ಹಲಗೆಯೇ ಬಾಗಿರಬೇಕು ಎಂದುಕೊಂಡು ಕಂಪೋಸಿಟರ್ ಬಗ್ಗಿದ, ಬಗ್ಗಿದವನಿಗೆ ಚಕ್ಕೆಗಳು ಕಂಡವು. ಒಂದೊಂದಾಗಿ ಎಳೆದು ತೆಗೆದ. ಎದ್ದು, ಸಾಕ್ಷಿಯನ್ನು ಮತ್ತೆ ನಡುವೆ ನಿಲ್ಲಿಸಿದ.

ನಿಂತಿತು. ಉಸಿರು ಬಿಟ್ಟರೂ ಅಲುಗಲಿಲ್ಲ. ಹಲಗೆ ಬಾಗಿರಲೇ ಇಲ್ಲ.

"ಸರಿಯಾಯ್ತಲ್ಲ," ಎಂದಳು ಗ್ರಂಥಪಾಲಕಿ, ಗೆದ್ದವಳ ದೊಡ್ಡತನದಿಂದ.

ಕಂಪೋಸಿಟರ್ ಒಂದು ಕಾಲಿನ ಚಕ್ಕೆಗಳನ್ನು ಹಿಡಿದು ನಿಂತಿದ್ದ. ಎಲ್ಲ ಸೇರಿ ಹೆಬ್ಬೆರಳಿನ ದಪ್ಪ. ಅವನ್ನು ಕೊಟ್ಟ ಕ್ರಮದಲ್ಲೇ ಮೇಜಿನ ಅಂಚಿನಲ್ಲಿ ಸಾಲಾಗಿ ಇಟ್ಟ. ಮೊದಲನೆಯದು ಮುದ್ರಣಾಲಯದ ರಟ್ಟಿನ ತುಂಡು, ಉಗುರಿನಷ್ಟು ತೆಳು. ಆಮೇಲಿನವು ಅಂಥವೇ. ಈಚಿನವು ಮರದ ಚೂರುಗಳು. ಕಟ್ಟಿನಲ್ಲಿದ್ದಾಗ ಅವುಗಳ ದಪ್ಪ ಒಂದರ ಮರೆಯಲ್ಲಿ ಒಂದು ಅಡಗಿತ್ತು. ಬಿಡಿಸಿಟ್ಟರೆ ಮೆಟ್ಟಿಲಿನಂತೆ ಕಾಣುತ್ತಿತ್ತು. ಕಡೆಯದೊಂದೇ ಮೊದಲಿನವೆಲ್ಲ ಸೇರಿದಷ್ಟು ದಪ್ಪ.

ಡಾಕ್ಟರು ಅದನ್ನು ನೋಡಿದರು. ಹಲ್ಲು ಯಾವಾಗ ಅಲ್ಲಾಡಲು ಶುರುವಾಯಿತು ಎಂದು ಕೇಳುವ ದನಿಯಲ್ಲಿ, ಈ ಕೊನೆಯದು ಯಾವಾಗಿನದು ಎಂದು ಕೇಳಿದರು.

"ಹೋದ ವರ್ಷದ್ದು," ಎಂದ ಕಂಪೋಸಿಟರ್. "ಅತ್ತಿಗೆ ಅಲ್ಲೇ ಮಲಗ್ತಾರೆ."

ಡಾಕ್ಟರಿಗೆ ಮನೆಯ ಜಗಳ ಅಷ್ಟಿಷ್ಟು ಗೊತ್ತಿತ್ತು. ಅವನ ರೈಲನ್ನು ತಾವು ನೋಡಿಕೊಳ್ಳುವುದಾಗಿ ಹೇಳಿ, ಅವನ ಚೀಲವನ್ನು ಅವನ ಹೆಗಲಿಗೆ ತಾವೇ ಹಾಕಿದರು.

ಅವನು ಓಡಲಿಲ್ಲ. ಓಡಿದರೆ ನಿಜವಾಗಿಬಿಡುತ್ತದೆ ಎನ್ನುವ ಹಾಗೆ ಬೇಗಬೇಗ ನಡೆದ. ದಾರಿಯಲ್ಲಿ ಒಂದು ವಿಚಿತ್ರ ಯೋಚನೆ ಬಂತು: ಮೇಸ್ತ್ರಿಗೆ ಹೇಳಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬೋಗಿ ನಿಲ್ಲಿಸಿದ ಕಡೆ ನಿಂತಿತ್ತು, ಮನೆ ವಾಲಿದರೆ ಮೊದಲು ರೈಲಿಗೇ ಗೊತ್ತಾಗುತ್ತಿತ್ತು. ಗೊತ್ತಾಗಿತ್ತು ಕೂಡ. ಅದು ವರ್ಷವರ್ಷವೂ ಬಾಯಿಬಿಡುತ್ತಿತ್ತು, ಇವನು ವರ್ಷವರ್ಷವೂ ಚಕ್ಕೆ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದ. ಬೀದಿಯ ತಿರುವಿನಲ್ಲಿ ಒಬ್ಬ ಇಸ್ತ್ರಿಯವನು ತನ್ನ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ್ದ. ಯಾವತ್ತೂ ನೋಡದ ಆ ಕಲ್ಲನ್ನು ಕಂಪೋಸಿಟರ್ ನಿಂತು ನೋಡಿ ಮುಂದೆ ಹೋದ.

ಮನೆ ಇತ್ತು. ಅವನು ನೇರ ಹಿಂದಿನ ಕೋಣೆಗೆ ಹೋದ.

ಅತ್ತಿಗೆ ಊಟ ಮಾಡಿ ಮಲಗಿದ್ದರು, ಗೋಡೆಯ ಕಡೆ ಮುಖ ಮಾಡಿ. ಬಿರುಕು ಅವರ ತಲೆಯ ಮೇಲೆ ಒಂದು ಮೊಳದ ಅಂತರದಲ್ಲಿತ್ತು. ಅವನು ಎಬ್ಬಿಸಿದ. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು, ರೈಲು ಎಲ್ಲಿ ಕೆಟ್ಟು ನಿಂತಿತು ಎಂದು ಕೇಳಿದಳು.

"ಅತ್ತಿಗೆ, ಏಳಿ. ನಡುಮನೆಗೆ ಬನ್ನಿ. ಮಂಚ ಆಮೇಲೆ ತರ್ತೀನಿ."

"ಯಾಕೋ? ಯಾರಾದ್ರೂ ಬಂದಿದ್ದಾರಾ?"

"ಯಾರೂ ಇಲ್ಲ. ನಾನು ಹೇಳಿದ್ದು ತಪ್ಪಾಯ್ತು ಅನ್ಸುತ್ತೆ."

ಅವರು ಎದ್ದು ಕೂತರು. ಅವನ ಭುಜ ಹಿಡಿದು ನಡುಮನೆಗೆ ಬಂದರು. ಅವನು ಎಳೆದುಕೊಟ್ಟ ಕುರ್ಚಿಯಲ್ಲಿ ಕೂತ ಮೇಲೆ, ಹೇಳು ಎಂದರು. ಅವನು ಹೇಳಿದ: ಚಕ್ಕೆ, ಗ್ರಂಥಾಲಯದ ನೆಲ, ಜಾರಿದ್ದು, ತೆಗೆದಾಗ ನಿಂತದ್ದು.

ಮೊದಲು ಬಾಯಿಬಿಟ್ಟವಳು ಹೆಂಡತಿ. ಬೀರುವಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು, ಅದರ ಕಾಲಿನಡಿ ಕಾಗದ ಮಡಚಿಟ್ಟಿದ್ದೆ ಎಂದಳು. ಮಡಚಿದ ಕಾಗದ ಸಾಲದೆ ಈಚೆಗೆ ಹಳೆಯ ಚಪ್ಪಲಿಯ ಅಟ್ಟೆ ಕತ್ತರಿಸಿ ಹಾಕಿದ್ದಳಂತೆ. ಬೀರುವಿನ ಮೇಲಿರುವ ಬೆಟ್ಟದ ಭಾರಕ್ಕೆ ಹಾಗಾಗಿದೆ ಅಂದುಕೊಂಡು, ಹೇಳಿದರೆ ಇವರಿಗೆ ಬೇಜಾರಾದೀತೆಂದು ಸುಮ್ಮನಿದ್ದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಒಂದೇ ಸೂರಿನಡಿ ಇಬ್ಬರೂ ಒಂದೇ ಕೆಲಸ ಮಾಡುತ್ತ ಬಂದಿದ್ದರು, ಕದ್ದುಮುಚ್ಚಿ ಅಲ್ಲ, ಹೇಳುವಂಥದ್ದೇನು ಎಂದುಕೊಂಡು.

"ನನ್ನ ಕೋಣೆ ಬಾಗಿಲು ತಾನಾಗೇ ಮುಚ್ಕೊಳ್ಳುತ್ತೆ," ಎಂದರು ಅತ್ತಿಗೆ. "ಮೊದಲು ಅರ್ಧಕ್ಕೆ ನಿಲ್ತಿತ್ತು, ಈಗ ಪೂರ್ತಿ. ನಾನು ಮಲಗಿದ್ದೀನಿ ಅಂತ ನೀವೇ ಯಾರೋ ಮೆಲ್ಲಗೆ ಹಾಕ್ಕೊಂಡು ಹೋಗ್ತೀರಿ ಅಂದ್ಕೊಂಡಿದ್ದೆ. ಎಷ್ಟು ಒಳ್ಳೆ ಮಕ್ಕಳು ಅಂತ."

ಯಾರೂ ನಗಲಿಲ್ಲ. ನಗಬಹುದಾದ ಮಾತೆಂದು ಮೂವರಿಗೂ ತಿಳಿದಿತ್ತು.

ಅತ್ತಿಗೆ ಸೆರಗು ಸರಿಮಾಡಿಕೊಂಡು ಅವನನ್ನೇ ನೋಡಿದರು. ಅಣ್ಣನ ಕಾಯಿಲೆಯ ಕಾಲದಲ್ಲಿ, ಮುದ್ರಣಾಲಯ ಮುಚ್ಚಿದಾಗ, ತಮ್ಮ ಕಾಲಿನ ಆಪರೇಷನ್ನಿಗೆ ಮುಂಚೆ, ಎಲ್ಲ ಸಲವೂ ಅವರು ಹೀಗೇ ನೋಡಿ ಕೇಳಿದ್ದರು, ಎಲ್ಲ ಸಲವೂ ಅವನು ಏನಾದರೊಂದು ಗಟ್ಟಿಯಾಗಿ ಹೇಳಿದ್ದ. ಹೇಳಿದ್ದು ನಿಜವಾಗಿದ್ದಕ್ಕಿಂತ ಹೇಳಿದ್ದಕ್ಕೇ ಅವರಿಗೆ ಸಮಾಧಾನವಾಗುತ್ತಿತ್ತು.

"ಮನೆ ಬೀಳುತ್ತಾ, ಪುಟ್ಟಾ?"

ಉಹುಂ ಎಂದು ನಾಲಿಗೆಯ ತುದಿಗೆ ಬಂತು. ಅದು ಸುಳ್ಳೂ ಅಲ್ಲ, ಅಭ್ಯಾಸ. ಸಂದಿ ಕಂಡಲ್ಲಿ ಪಟ್ಟಿ ತೂರಿಸುವ ಕೈಯ ಅಭ್ಯಾಸ ನಾಲಿಗೆಗೂ ಇತ್ತು. ಅವನು ಬಾಯಿ ಮುಚ್ಚಿಕೊಂಡ.

"ನನಗೆ ಗೊತ್ತಿಲ್ಲ, ಅತ್ತಿಗೆ," ಎಂದ.

ಅವರು ತಲೆದೂಗಿದರು. "ಇದುವರೆಗೆ ನೀನು ಗೊತ್ತಿಲ್ಲ ಅಂದಿದ್ದು ನಾನು ಕೇಳೇ ಇಲ್ಲ. ಹಾಗಾದ್ರೆ ಹೊರಡೋದೇ ಸರಿ. ಅವನಿಗೆ ಫೋನ್ ಮಾಡು. ನೀನೇ ಮಾಡು, ಅವಳ ಕೈಲಿ ಮಾಡಿಸಬೇಡ."

ಅವನೇ ಮಾಡಿದ. ಚಪ್ಪಲಿ ಮೆಟ್ಟಿ ಹೋದವನು ಚಪ್ಪಲಿ ಬಿಚ್ಚದೆ ಬಂದ, ಜೊತೆಗೆ ಇಬ್ಬರು ಆಳುಗಳು, ಗೋಡೆಗೆ ಊರೆ ಕೊಡಲು ಮರದ ತೊಲೆಗಳು. ಹಿಂದಕ್ಕೆ ಹೋಗಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದ. ತಿರುಗಿ ಬಂದಾಗ ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಇದ್ದರೆ ಕಂಪೋಸಿಟರನಿಗೆ ಸುಲಭವಾಗುತ್ತಿತ್ತು. ಇವತ್ತೇ ಹೊರಡಬೇಕು, ಹಿಂದಿನ ಕೋಣೆಗೆ ಇನ್ನು ತಾನಲ್ಲದೆ ಯಾರೂ ಕಾಲಿಡಬಾರದು ಎಂದ. ಉಳಿಯುತ್ತದೋ ಇಲ್ಲವೋ ಅಗೆದು ನೋಡಿದ ಮೇಲೆ ಹೇಳುವ ಮಾತು.

"ಆವತ್ತು ರೈಲು ಸಾಕ್ಷಿ ಅಂದ್ರಲ್ಲ, ಮಾವ. ಸುಮ್ಮನೆ ಹೇಳಿದ್ರಾ?"

"ಇಲ್ಲಪ್ಪ. ಸಾಕ್ಷಿಗೆ ನಾನೇ ಹೇಳಿಕೊಡ್ತಿದ್ದೆ. ಹೇಳಿಕೊಡ್ತಿದ್ದೀನಿ ಅಂತ ನನಗೇ ಗೊತ್ತಿರಲಿಲ್ಲ."

ಮೇಸ್ತ್ರಿ ಒಳಗೆ ಹೋದ. ಸೋದರತ್ತೆಯ ಔಷಧಿ, ಹೊದಿಕೆ, ಊರುಗೋಲು ಎಂದು ಎತ್ತಿಕೊಳ್ಳತೊಡಗಿದ. ಹೆಂಡತಿ ಎರಡು ಚೀಲ ತುಂಬಿದಳು. ಎರಡು ಕೋಣೆಯ ಮನೆಯಲ್ಲಿ ಬೆಟ್ಟ ಎಲ್ಲಿಡುವುದು ಎಂದು ಅವಳ ಬಾಯಿಗೆ ಬಂದಿರಬೇಕು, ಬೀರುವಿನ ಮೇಲೊಮ್ಮೆ ನೋಡಿದಳು, ಅಲ್ಲಿ ಬೆಟ್ಟ ಇರಲಿಲ್ಲ, ಅದು ಗ್ರಂಥಾಲಯದಲ್ಲಿತ್ತು. ಧೂಳಿನಲ್ಲಿ ಅದು ಕೂತಿದ್ದ ಗುರುತು ಮಾತ್ರ ಇತ್ತು. ಸಂಜೆಯ ಬಿಸಿಲು ಕಿಟಕಿಯಿಂದ ಇಳಿದು ನಡುಮನೆಯ ಕಲ್ಲುಗಳ ಮೇಲೆ ಬಿದ್ದಿತ್ತು. ಅದೂ ಅವನಿಗೆ ಹಿಂದಕ್ಕೆ ಜಾರಿದ ಹಾಗೆ ಕಂಡಿತು.

ಮೇಸ್ತ್ರಿಯ ಕಾರಿನವರೆಗೆ ಅತ್ತಿಗೆಯನ್ನು ಅವನು ತೋಳು ಹಿಡಿದು ನಡೆಸಿಕೊಂಡು ಹೋದ. ಮೆಟ್ಟಿಲು ಇಳಿಯುವಾಗ ಅವರು ನಿಂತು, ನಿನ್ನ ರೈಲಿನ ಗತಿ ಏನು ಎಂದು ಕೇಳಿದರು.

"ರಜೆ ಮುಗಿಯೋ ತನಕ ಅಲ್ಲಿರುತ್ತೆ."

"ಆಮೇಲೆ?"

"ಆಮೇಲಿಂದು ಆಮೇಲೆ."

"ನನ್ನ ಮಂಚ ಅಲ್ಲೂ ಒಂದು ಇರುತ್ತಲ್ಲ," ಎಂದರು. "ಅದರ ಕೆಳಗೂ ಜಾಗ ಇರುತ್ತೆ." ಕಾರಿನೊಳಗೆ ಕೂತು ಊರುಗೋಲನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡರು. ಹೆಂಡತಿ ಇನ್ನೊಂದು ಬಾಗಿಲಿನಿಂದ ಹತ್ತಿ, ಮುಂಬಾಗಿಲು ಹಾಕಿ ಬನ್ನಿ ಎಂದಳು.

ಅವನು ವಾಪಸು ಹೋಗಿ ಬಾಗಿಲು ಎಳೆದುಕೊಂಡ. ಎಡಗೈಯಲ್ಲಿ ಹಿಡಿ ಹಿಡಿದು, ಬಲಗಾಲಿನ ಹೆಬ್ಬೆರಳನ್ನು ಬಾಗಿಲಿನ ಕೆಳಗೆ ಕೊಟ್ಟು, ಒಂದಿಷ್ಟು ಮೇಲಕ್ಕೆತ್ತಿ ಚಿಲಕ ಹಾಕುವುದು. ಮನೆಯವರೆಲ್ಲ ಹಾಗೇ ಹಾಕುತ್ತಿದ್ದರು. ನೆಂಟರಿಗೂ ಹಾಗೇ ಹೇಳಿಕೊಡುತ್ತಿದ್ದರು, ಸ್ವಲ್ಪ ಎತ್ತಿ ಹಾಕಿ ಎಂದು. ಯಾವಾಗ ಶುರುವಾಯಿತೋ ಯಾರಿಗೂ ನೆನಪಿರಲಿಲ್ಲ. ಅವನ ಕಾಲು ಆಗಲೇ ಬಾಗಿಲಿನ ಕೆಳಗೆ ಹೋಗಿತ್ತು.

ಕಾಲು ಹಿಂತೆಗೆದುಕೊಂಡ. ಎತ್ತದೆ, ಬಾಗಿಲನ್ನು ಅದರ ಪಾಡಿಗೆ ಬಿಟ್ಟು ಎಳೆದ. ಚಿಲಕ ತನ್ನ ತೂತಿನಿಂದ ಎಷ್ಟೋ ಕೆಳಗೆ ಬಂದು ಮರಕ್ಕೆ ತಗುಲಿತು. ಅವನು ಅದನ್ನು ಹಾಗೇ ಹಿಡಿದುಕೊಂಡು, ಹಿತ್ತಲಿನಲ್ಲಿ ತೊಲೆ ನಿಲ್ಲಿಸುತ್ತಿದ್ದ ಮೇಸ್ತ್ರಿಯನ್ನು ಕೂಗಿ ಕರೆದ.

"ಬಾ ಇಲ್ಲಿ. ಇದನ್ನೂ ನೋಡು."